ಅರ್ಧ ಬಕೆಟ್ ನೀರು

ಹಾಲಿದಾ ಕದ ತಳ್ಳಿ ಒಳಗೆ ಕಾಲಿಟ್ಟಾಗ ಅವಳ ತಾಯಿ ಮುಕರ್ರಮ್ ಬಕೆಟ್ ಹಿಡಿದು ಅಂಗಳ ದಾಟುತ್ತಿದ್ದಳು. ಐದು ತಿಂಗಳ ಹಿಂದೆ ಹೃದಯಾಘಾತವಾಗಿ, ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದ ತಾಯಿ! ಹಣೆಯ ಮೇಲೆ ಬೆವರು... ಸೊಸೆ ಮುನಿಸಾ ದ್ರಾಕ್ಷಿ ಚಪ್ಪರದ ಕೆಳಗೆ ಬರಿಗೈಯಲ್ಲಿ ನಿಂತು ನೋಡುತ್ತಿದ್ದಳು.

ಹಾಲಿದಾ ತಾನು ತಂದಿದ್ದ ರೊಟ್ಟಿಯ ಗಂಟನ್ನು ಮೊದಲು ಮೆಲ್ಲನೆ ಮಂಚದ ಮೇಲಿಟ್ಟಳು. ಆಮೇಲೆ ಕೂಗಿದಳು.

"ಏನೇ ಇದು ಮುನಿಸಾ! ಕತ್ತೆ ಸತ್ತುಹೋಯ್ತು ಅಂತ ನಮ್ಮಮ್ಮನ ಮೇಲೆ ಹೊರಿಸ್ತಿದ್ದೀಯಾ?"

"ಅಕ್ಕಾ, ಅರ್ಧ ಬಕೆಟ್ ಅಷ್ಟೇ. ಡಾಕ್ಟರೇ..."

"ಯಾವ ಡಾಕ್ಟರ್ ಕಣೇ ಎದೆನೋವಿನೋರಿಗೆ ನೀರು ಹೊರಿ ಅಂತ ಬರ್ಕೊಟ್ಟಿದ್ದು? ಬೆಳಿಗ್ಗೆ ಯಾವಾಗ ಬಂದ್ರೂ ಕದ ಹಾಕಿರುತ್ತಲ್ಲ, ಯಾಕಪ್ಪಾ ಅಂತಿದ್ದೆ. ಈಗ ತಿಳೀತು ಬಿಡು!"

ಚುಸ್ತ್ ಊರಿನ ಆ ಓಣಿಯಲ್ಲಿ ಬೆಳಕು ಹರಿದ ಮೇಲೆ ಯಾರೂ ಕದಕ್ಕೆ ಅಗಳಿ ಹಾಕುವುದಿಲ್ಲ. ಮುನಿಸಾ ಹಾಕುತ್ತಿದ್ದಳು. ಆ ದಿನ ಗಂಡ ವ್ಯಾನು ಹೊರಗೆ ತೆಗೆದುಕೊಂಡು ಹೋದ ಮೇಲೆ ಅವಳು ಅಗಳಿ ಹಾಕಲು ಮರೆತಿದ್ದಳು. ಅಷ್ಟೇ ಆದದ್ದು.

ಡಾಕ್ಟರ್ ಹೇಳಿದ್ದು ನಿಜ. ನಮಂಗಾನ್ ನಗರದ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಕಾಗದ ನೋಡಿ ಆತ ಅಂದಿದ್ದ: "ಇವರ ಮೈಯಲ್ಲಿ ಇನ್ಸುಲಿನ್ ಇದೆ ಕಣಮ್ಮ. ಆದ್ರೆ ಮೈ ಅದರ ಮಾತು ಕೇಳ್ತಿಲ್ಲ. ಸಕ್ಕರೆ ರಕ್ತದಲ್ಲೇ ಉಳಿದು ನಾಳ ಕೆಡಿಸ್ತಿದೆ. ಬರೀ ಮಾತ್ರೆ ಸಾಲದು. ಸ್ನಾಯು ದುಡಿದ್ರೆ ಅದು ಸಕ್ಕರೆ ಎಳ್ಕೊಳ್ಳುತ್ತೆ, ಹೃದಯಾನೂ ಗಟ್ಟಿಯಾಗುತ್ತೆ. ದಿನಾ ಅರ್ಧ ಗಂಟೆ ಮೈ ಬಗ್ಗಿಸಲಿ. ಎದೆ ಹಿಡಿದ್ರೆ ತಕ್ಷಣ ನಿಲ್ಸಿ." ಆಮೇಲೆ ಕನ್ನಡಕದ ಮೇಲಿಂದ ನೋಡಿ ಕೇಳಿದ್ದ: "ಮನೇಲಿ ಸೊಸೆ ಇದ್ದಾಳಾ?"

"ನಾನೇ," ಎಂದಿದ್ದಳು ಮುನಿಸಾ.

"ಹಾಗಾದ್ರೆ ಅದೇ ರೋಗ."

ನಗೆಯ ಮಾತಾದರೂ ಸುಳ್ಳಲ್ಲ. ಮುಕರ್ರಮ್ ಮೂವತ್ತು ವರ್ಷ ಕೂತು ಟೋಪಿಗಳಿಗೆ ಕಸೂತಿ ಹಾಕಿದವಳು. ಸೊಸೆ ಬಂದ ಮೇಲೆ ಚಹಾ ಬಗ್ಗಿಸಲೂ ಎದ್ದವಳಲ್ಲ. ಹಿರಿಯಳು ಏಳಬಾರದು, ಎದ್ದರೆ ಸೊಸೆಗೂ ಕೆಟ್ಟ ಹೆಸರು, ಅವಳಿಗೂ ಅವಮಾನ. ಕಾಯಿಲೆಯಾದ ಮೇಲಂತೂ ಬಂದವರೆಲ್ಲ ಬೆನ್ನಿಗೆ ಇನ್ನೊಂದು ದಿಂಬು ಕೊಟ್ಟು, ಕೈಗೆ ಕಲ್ಲುಸಕ್ಕರೆ ಕೊಟ್ಟು ಹೋಗುತ್ತಿದ್ದರು. ಕೆಲಸವಿಲ್ಲದೆ ಬೀದಿಯಲ್ಲಿ ಅಡ್ಡಾಡುವುದು ಅವಳಿಂದ ಆಗದ ಮಾತು. ಅದಕ್ಕೇ ಅಗಳಿ ಹಾಕಿದ ಕದದ ಹಿಂದೆ, ನಲ್ಲಿಯಿಂದ ತರಕಾರಿ ಮಡಿಯವರೆಗೆ ಅರ್ಧರ್ಧ ಬಕೆಟ್. ಇಬ್ಬರೂ ಈ ಬಗ್ಗೆ ಎಂದೂ ಮಾತಾಡಿರಲಿಲ್ಲ. ಸೊಸೆ ಬಕೆಟ್ ಇಡುತ್ತಿದ್ದಳು, ಅತ್ತೆ ಎತ್ತುತ್ತಿದ್ದಳು.

ಕೂಗು ಕೇಳಿ ನೆರೆಯ ಹೆಂಗಸರು ಬಾಗಿಲಲ್ಲಿ ಸೇರಿದರು. ಹಾಲಿದಾ ತಾಯಿಯ ಕೈ ಹಿಡಿದಳು. ಅವಳ ಕಣ್ಣಲ್ಲಿ ನಿಜವಾದ ನೀರಿತ್ತು.

"ಎಲ್ಲರ ಎದುರಿಗೆ ಹೇಳಮ್ಮ! ನಿನ್ನ ಕೈಗೆ ಬಕೆಟ್ ಕೊಟ್ಟೋರು ಯಾರು?"

ಮುಕರ್ರಮ್ ಸೊಸೆಯನ್ನು ನೋಡಿದಳು. ಬಾಗಿಲಿನ ಮುಖಗಳನ್ನು ನೋಡಿದಳು. ಮಾತಾಡಲಿಲ್ಲ.

"ಬಾಯಿ ಬಿಡೋಕೂ ಹೆದರ್ತಾಳೆ, ಪಾಪ!" ಎಂದಿತು ಒಂದು ದನಿ. ಅಷ್ಟಕ್ಕೇ ತೀರ್ಪಾಯಿತು.

"ಶುಕ್ರವಾರ ಕಾರು ತರ್ತೀನಿ. ನಮ್ಮನೇಲಿ ಇಬ್ಬರು ಸೊಸೆಯಂದಿರಿದ್ದಾರೆ, ಅಮ್ಮ ಕಾಲು ಕೆಳಗಿಡೋ ಹಾಗಿಲ್ಲ," ಎಂದು ಹಾಲಿದಾ ಹೋದಳು.

ಆಮೇಲಿನ ಮೂರು ದಿನ ಮುನಿಸಾ ಕದ ತೆರೆದಿಟ್ಟಳು. ನೀರು ತಾನೇ ಹೊತ್ತಳು. ಅತ್ತೆ ದಿಂಬುಗಳ ನಡುವೆ ಕೂತಳು. ಓಣಿಗೆ ಸಮಾಧಾನವಾಯಿತು. ಬೆರಳು ಚುಚ್ಚಿ ನೋಡುವ ಪುಟ್ಟ ಯಂತ್ರದಲ್ಲಿ ಅಲ್ಲಿಯ ಅಳತೆಯಲ್ಲಿ ಏಳರ ಹತ್ತಿರ ಇಳಿದಿದ್ದ ಸಕ್ಕರೆಯ ಅಂಕಿ ಗುರುವಾರ ಸಂಜೆ ಹತ್ತು ದಾಟಿತ್ತು. ಮುನಿಸಾ ಅದನ್ನು ಅತ್ತೆಯ ಕಡೆಗೆ ತಿರುಗಿಸಿ ಹಿಡಿದಳು.

"ಅಲ್ಲಿ ಹೋದ್ರೆ ಇನ್ನೂ ಏರುತ್ತೆ, ಅತ್ತೆ."

"ಗೊತ್ತು."

"ನಾನು ತಡೆಯೋಕಾಗಲ್ಲ. ತಡೆದ್ರೆ ಹೊರೋಕೆ ಆಳು ಬೇಕಿತ್ತು ಅವಳಿಗೆ ಅಂತಾರೆ."

ಯಂತ್ರದ ಬೆಳಕು ತಾನಾಗಿ ಆರಿತು.

ಶುಕ್ರವಾರ ಬೆಳಿಗ್ಗೆ ಓಣಿಯ ಸೊಸೆಯಂದಿರು ತಮ್ಮ ತಮ್ಮ ಬಾಗಿಲ ಮುಂದೆ ಗುಡಿಸುವ ಹೊತ್ತು. ಮುಕರ್ರಮ್ ಪೊರಕೆ ಹಿಡಿದು ಬೀದಿಗೆ ಬಂದಳು. ಅರವತ್ತೆರಡರ ಹೆಂಗಸು, ಇಪ್ಪತ್ತರ ಹುಡುಗಿಯರ ಸಾಲಿನಲ್ಲಿ! ಪೊರಕೆಗಳು ನಿಂತವು. ಕಾರಿನಿಂದಿಳಿದ ಹಾಲಿದಾ ಓಡಿ ಬಂದಳು.

"ಅಯ್ಯೋ ಅಮ್ಮಾ! ಬೀದೀಲಿ ನಮ್ಮ ಮಾನ..."

"ನನ್ನ ಮಾನ ತಾನೇ? ಇರಲಿ ಬಿಡು." ಮುಕರ್ರಮ್ ಉಸಿರಿಗಾಗಿ ಸ್ವಲ್ಪ ನಿಂತಳು. ಆಮೇಲೆ ಓಣಿಗೆಲ್ಲ ಕೇಳುವಂತೆ ಹೇಳಿದಳು: "ನನ್ನ ಸೊಸೆ ಬೇಡ ಬೇಡ ಅಂತ ಕಾಲು ಹಿಡೀತಾಳೆ. ನಾನೇ ಕೇಳಲ್ಲ. ಒಂದು ಕಡೆ ಕೂರೋ ಬುದ್ಧಿ ನಂಗಿಲ್ಲ ಕಣ್ರೇ. ಹಾಗಂತ ಹೇಳ್ಕೊಳ್ಳಿ!"

ಅದು ಸುಳ್ಳು. ಮೂವತ್ತು ವರ್ಷ ಕೂತೇ ಗಳಿಸಿದ ಗೌರವವನ್ನು ಆ ಸುಳ್ಳಿನಲ್ಲಿ ಅವಳು ಬಿಟ್ಟುಕೊಟ್ಟಳು. ಹಿಂದಿನಿಂದ ಒಬ್ಬಳು ಕಿಸಕ್ಕೆಂದಳು. ಹಾಲಿದಾ ಮುಖ ಮುಚ್ಚಿಕೊಂಡು ಅತ್ತಳು. ತಾಯಿಗಾಗಿಯೋ, ಮಾನಕ್ಕಾಗಿಯೋ, ಅವಳಿಗೂ ತಿಳಿದಿರಲಿಕ್ಕಿಲ್ಲ.

ಮುನಿಸಾ ಮುಂದೆ ಬಂದು ಪೊರಕೆಗೆ ಕೈ ಚಾಚಿದಳು. ಅತ್ತೆ ಕೊಡಲಿಲ್ಲ. ಹೊಸ್ತಿಲ ಪಕ್ಕದ ಕಲ್ಲು ತೋರಿಸಿ, ಮೊದಲ ಬಾರಿಗೆ ಅತ್ತೆಯ ಗತ್ತಿನಲ್ಲಿ ಅಂದಳು:

"ಕೂತ್ಕೋ."

ಇಡೀ ಓಣಿ ನೋಡುತ್ತಿತ್ತು. ಅತ್ತೆ ಬೀದಿ ಗುಡಿಸುವಾಗ ಸೊಸೆ ಕೂತರೆ ಆ ಕೆಟ್ಟ ಹೆಸರು ಯಾವ ಮಾತಿನಿಂದಲೂ ಪೂರ್ತಿ ತೊಳೆದುಹೋಗುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಮುನಿಸಾ ಕೂತಳು.