ಆರದ ಕುಲುಮೆಯ ತಕರಾರು

ಶೆಡ್ಡಿನ ಬೀಗ ತುಂಡಾಗಿ ನೆಲದ ಮೇಲೆ ಬಿದ್ದಿತ್ತು. ಕಾವಲುಗಾರ ಬಾಗಿಲು ತಳ್ಳಿ ಒಳಗೆ ಇಣುಕಿದವನು ಅಲ್ಲೇ ಕಲ್ಲಾಗಿ ನಿಂತ.

"ಏನಪ್ಪಾ?" ಹಿಂದಿನಿಂದ ಪರೀಕ್ಷಕಿ ಕೇಳಿದಳು.

"ನೀವು ನೋಡೋಕೆ ಬಂದಿದ್ದು ಇಲ್ಲಿಲ್ಲ ಮೇಡಂ. ಬರೀ ಇಟ್ಟಿಗೆ ರಾಶಿ ಇದೆ."

ಆಕೆ ಅವನನ್ನು ಸರಿಸಿ ಒಳಗೆ ಹೋದಳು. ಹಳೆಯ ಎನಾಮಲ್ ಕಾರ್ಖಾನೆಯ ವಿದ್ಯುತ್ ಕುಲುಮೆ ನೆಲಕಚ್ಚಿತ್ತು. ಆಳೆತ್ತರದ ಕೋಣೆಯಂತಿದ್ದ ಅದರ ಕಮಾನು ಚಾವಣಿ ಒಳಕ್ಕೆ ಕುಸಿದಿತ್ತು. ಪಕ್ಕದ ಗೋಡೆಗಳನ್ನು ಯಾರೋ ಹಾರೆ ಹಾಕಿ ಬಗೆದಿದ್ದರು. ಕಾವು ಕೊಡುವ ಕಾಯಿಲ್ ತಂತಿಗಳು ಕರುಳಿನಂತೆ ಹೊರಬಿದ್ದಿದ್ದವು.

ಆಕೆ ಪೇಟೆಂಟ್ ಕಚೇರಿಯವಳು. ತನ್ನ ಯಂತ್ರ ಹೊಸದು, ಹಕ್ಕು ಕೊಡಿ ಎಂದು ಯಾರಾದರೂ ಕೇಳಿದರೆ ಅದು ನಿಜಕ್ಕೂ ಹೊಸದೇ ಎಂದು ಜಾಲಾಡುವುದು ಆಕೆಯ ಕೆಲಸ. ಕಾರ್ಖಾನೆಗಳ ವಿದ್ಯುತ್ ಕುಲುಮೆಗಳೆಲ್ಲ ಆಕೆಯ ಮೇಜಿಗೇ ಬರುತ್ತಿದ್ದವು. ಬರೆದ ಪ್ರತಿ ವರದಿಯಲ್ಲೂ ಒಂದು "ಆದರೆ" ಇದ್ದೇ ಇರುತ್ತಿದ್ದರಿಂದ ಕಚೇರಿಯಲ್ಲಿ ಆಕೆಗೆ "ಆದರೆ ಮೇಡಂ" ಎಂದೇ ಹೆಸರು.

ಈ ಸಲದ ಅರ್ಜಿ ಒಬ್ಬ ಕುಲುಮೆ ತಯಾರಕನದು. ಮಾಮೂಲಿ ಕುಲುಮೆಯಲ್ಲಿ ಒಂದು ಕಾಯಿಲ್ ಸುಟ್ಟುಹೋದರೆ ಇಡೀ ಕುಲುಮೆಯನ್ನು ಆರಿಸಬೇಕು, ತಣ್ಣಗಾಗುವವರೆಗೆ ಕಾಯಬೇಕು, ಆಮೇಲೆ ಒಳಗೆ ಇಳಿಯಬೇಕು. ಇವನು ಗೋಡೆಯ ಇಟ್ಟಿಗೆಗಳಿಗೆ ಕಾಲುವೆ ಕೊರೆದು ಅದರಲ್ಲಿ ಕಾಯಿಲ್ ಕೂರಿಸಿದ್ದ. ಬೀರುವಿನ ಖಾನೆಯಂತೆ ಹೊರಗಿನಿಂದಲೇ ಸುಟ್ಟದ್ದನ್ನು ಎಳೆದು ಹೊಸದನ್ನು ತಳ್ಳಬಹುದು. ಕುಲುಮೆ ಆರಬೇಕಿಲ್ಲ.

ತಕರಾರು ಹಾಕಿದವನು ಕುಲುಮೆ ರಿಪೇರಿಯ ಒಬ್ಬ ಮುದುಕ. ಎಲ್ಲರ ಬಾಯಲ್ಲೂ ಕಾಯಿಲಣ್ಣ. "ಇದರಲ್ಲಿ ಹೊಸದೇನು ಬಂತು? ಎನಾಮಲ್ ಕಾರ್ಖಾನೆ ಫರ್ನೇಸಿಗೆ ಆ ಕಾಲದಲ್ಲೇ ನಾನು ಹೀಗೆ ಮಾಡಿದ್ದೆ," ಎಂಬುದು ಅವನ ವಾದ. ಅದು ನಿಜವಾದರೆ ಅರ್ಜಿ ಬಿದ್ದಂತೆಯೇ. ಕಾರ್ಖಾನೆ ಮುಚ್ಚಿ ವರ್ಷಗಳಾಗಿದ್ದರೂ ಕುಲುಮೆ ಹಾಗೇ ಉಳಿದಿತ್ತು. ಎಲ್ಲರೂ ಹೋಗಿ ಕಣ್ಣಾರೆ ನೋಡೋಣ ಎಂದು ಆಕೆ ದಿನ ಗೊತ್ತುಮಾಡಿದ್ದಳು. ಬಂದು ನೋಡಿದರೆ ಇದು.

ಆ ಶೆಡ್ಡು ಆಕೆಗೆ ಹೊಸದಲ್ಲ. ಅಮ್ಮ ಇಲ್ಲೇ ಲೋಟಗಳ ಅಂಚಿಗೆ ನೀಲಿ ಬಣ್ಣ ಬಳಿಯುತ್ತಿದ್ದಳು. ಅದನ್ನು ಆಕೆ ಕಚೇರಿಯ ಮುಖ್ಯಸ್ಥರಿಗೆ ಮೊದಲೇ ಹೇಳಿದ್ದಳು. "ನಿಮ್ಮಮ್ಮ ಲೋಟಕ್ಕೆ ಬಣ್ಣ ಬಳಿದರೆ ಅರ್ಜಿಗೆ ಅಂಟುತ್ತೇನ್ರೀ? ಹೋಗಿ ಬನ್ನಿ," ಅಂದಿದ್ದರು ಅವರು. ಚಿಕ್ಕಂದಿನಲ್ಲಿ ಶಾಲೆ ಬಿಟ್ಟ ಮೇಲೆ ಆಕೆ ಇದೇ ಬಾಗಿಲಲ್ಲಿ ಅಮ್ಮನಿಗೆ ಕಾಯುತ್ತಿದ್ದಳು. ಕುಲುಮೆ ಬಾಯಿ ತೆರೆದರೆ ಶೆಡ್ಡೆಲ್ಲ ಕಿತ್ತಳೆ ಬಣ್ಣ. ಕಂಬಿಗೆ ತೂಗಿಸಿದ ಲೋಟಗಳು ಕೆಂಡದಂತೆ ಹೊರಬಂದು, ನೋಡನೋಡುತ್ತ ಬೆಳ್ಳಗಾಗುತ್ತಿದ್ದವು. ಅಮ್ಮನ ಬೆರಳಿನ ನೀಲಿ ಮಾತ್ರ ಭಾನುವಾರವೂ ಹೋಗುತ್ತಿರಲಿಲ್ಲ. ಈಗ ಅಲ್ಲಿದ್ದದ್ದು ಪಾರಿವಾಳದ ಹಿಕ್ಕೆಯ ವಾಸನೆ.

"ಗುಜರಿ ಕಳ್ಳರ ಕೆಲಸ," ಅಂದ ದೂರು ಕೇಳಿ ಬಂದ ಪೊಲೀಸ್ ಇನ್‌ಸ್ಪೆಕ್ಟರ್, ಒಂದು ಸುತ್ತು ಹಾಕಿ. "ಮುಚ್ಚಿದ ಕಾರ್ಖಾನೆ ಅಂದ್ರೆ ಅವರಿಗೆ ಮಾವನ ಮನೆ."

"ಆದರೆ ತಾಮ್ರ?"

"ಯಾವ ತಾಮ್ರ?"

ಆಕೆ ಗೋಡೆಯತ್ತ ಕೈ ತೋರಿಸಿದಳು. ಕುಲುಮೆಗೆ ಕರೆಂಟು ತರುತ್ತಿದ್ದ ದಪ್ಪ ತಾಮ್ರದ ಪಟ್ಟಿಗಳು ಇದ್ದಲ್ಲೇ ಇದ್ದವು. "ಗುಜರಿ ಅಂಗಡಿಯವನು ಮೊದಲು ಕೇಳೋದು ಅದನ್ನ. ಅದನ್ನ ಬಿಟ್ಟು ಇಟ್ಟಿಗೆ ಕಿತ್ತವನು ಎಂಥ ಕಳ್ಳ?"

ಇನ್‌ಸ್ಪೆಕ್ಟರ್ ಟೋಪಿ ತೆಗೆದು ತಲೆ ಕೆರೆದುಕೊಂಡ.

ಅಷ್ಟರಲ್ಲಿ ಕಾಯಿಲಣ್ಣ ಬಂದ. ಸಾವಿನ ಮನೆಗೆ ಬಂದವನಂತೆ ಚಪ್ಪಲಿ ಹೊರಗೇ ಬಿಟ್ಟ. ರಾಶಿಯ ಮುಂದೆ ಕುಕ್ಕರಿಸಿ, ಮೇಲೆಯೇ ಇದ್ದ ಒಂದು ಇಟ್ಟಿಗೆ ಎತ್ತಿದ. ಮೈತುಂಬ ಮಸಿ. ಒಂದು ಮಗ್ಗುಲಲ್ಲಿ ನೀಟಾದ ಕಾಲುವೆ. ಅಂಥವು ಅಲ್ಲಿ ಇನ್ನೂ ಕೆಲವು ಇದ್ದವು.

"ನೋಡಿ ಮೇಡಂ. ಮುರಿದವನು ಫರ್ನೇಸ್ ಮುರಿದ. ನಿಜ ಮುರಿಯೋಕೆ ಅವನ ಕೈಲಾಗಲಿಲ್ಲ."

ಅವನ ಹಿಂದೆಯೇ ಬಂದಿದ್ದ ತಯಾರಕ ಆ ಇಟ್ಟಿಗೆ ನೋಡಿ ಬಿಳಿಚಿಕೊಂಡ. ಬಂದ ದಾರಿಯಲ್ಲೇ ಹಿಂದಿರುಗಿದ.

* * *

"ಕುಲುಮೆ ಹೋದರೆ ಲಾಭ ಯಾರಿಗೆ? ಅರ್ಜಿ ಹಾಕಿದವನಿಗೆ," ಅಂದ ಇನ್‌ಸ್ಪೆಕ್ಟರ್ ಜೀಪು ಓಡಿಸುತ್ತ. ಕಾವಲುಗಾರ ಆಗಲೇ ಬಾಯಿ ಬಿಟ್ಟಿದ್ದ. ಹಿಂದಿನ ಸಂಜೆ ತಯಾರಕ ಬಂದು ಒಳಗೆ ಬಿಡು ಎಂದು ಗೋಗರೆದಿದ್ದನಂತೆ. ಬಿಡದಿದ್ದಾಗ ಶೆಡ್ಡಿನ ಕಿಟಕಿಗೆ ಮುಖವಿಟ್ಟು ತುಂಬ ಹೊತ್ತು ನಿಂತಿದ್ದನಂತೆ. ಆಮೇಲೆ ಏನಾಯಿತೋ ಕಾವಲುಗಾರನಿಗೆ ತಿಳಿಯದು. ಅವನ ಕೋಣೆ ಮುಂದಿನ ಗೇಟಿನಲ್ಲಿ. ಹಿಂದಿನ ಕಾಂಪೌಂಡು ಬಿದ್ದು ದಾರಿಯಾಗಿತ್ತು. ಮೇಲಾಗಿ ಅವನ ಕಿವಿಯೂ ಅಷ್ಟಕ್ಕಷ್ಟೆ.

ತಯಾರಕ ತನ್ನ ವರ್ಕ್‌ಶಾಪಿನಲ್ಲಿ ಅರ್ಧ ಕಟ್ಟಿದ ಕುಲುಮೆಯೊಂದರ ಪಕ್ಕ ಕೂತಿದ್ದ. ಹಸಿ ಜೇಡಿಮಣ್ಣಿನ ವಾಸನೆ ತುಂಬಿತ್ತು. ನಲವತ್ತರ ಆಸುಪಾಸಿನವನು. ಅಂಗೈ ತುಂಬ ಸುಟ್ಟ ಕಲೆ.

"ಹೌದು, ಹೋಗಿದ್ದೆ. ಅದನ್ನ ಒಂದು ಸಲ ನೋಡಬೇಕು ಅನ್ನಿಸ್ತು. ನಾನು ಕೆಲಸ ಕಲಿತದ್ದು ಅದೇ ಫರ್ನೇಸಲ್ಲಿ, ಕಾಯಿಲಣ್ಣನ ಕೈಕೆಳಗೆ."

"ಹಾಗಾದರೆ ಕಾಲುವೆ ಇಟ್ಟಿಗೆ ಅಲ್ಲೇ ಕಂಡದ್ದು," ಅಂದ ಇನ್‌ಸ್ಪೆಕ್ಟರ್.

"ಇಲ್ಲ ಸಾರ್. ಅಲ್ಲಿ ಕಾಯಿಲ್ ಕೊಕ್ಕೆಗೆ ನೇತಾಡ್ತಿತ್ತು. ಕಾಲುವೆ ಇರಲೇ ಇಲ್ಲ. ಇವತ್ತು ಆ ಇಟ್ಟಿಗೆ ಎಲ್ಲಿಂದ ಉದುರಿತೋ ಗೊತ್ತಿಲ್ಲ."

"ಅದನ್ನ ಅಲ್ಲೇ ಯಾಕೆ ಹೇಳಲಿಲ್ಲ?" ಪರೀಕ್ಷಕಿ ಕೇಳಿದಳು.

ಅವನು ಅಂಗೈ ಉಜ್ಜಿಕೊಂಡ. "ಅವರ ಮುಖ ನೋಡಿ ಸುಳ್ಳು ಅನ್ನೋಕೆ ಬಾಯಿ ಬರಲಿಲ್ಲ. ನನ್ನ ಕೈಗೆ ಕರಣೆ ಕೊಟ್ಟವರು ಅವರು."

ಹೊರಗೆ ಬಂದ ಮೇಲೆ ಇನ್‌ಸ್ಪೆಕ್ಟರ್ ನಕ್ಕ. "ಕೊಕ್ಕೆ ಇತ್ತಂತೆ. ಅವನಿಗೆ ಬೇಕಾದ್ದನ್ನೇ ಹೇಳ್ತಾನೆ. ಎಳೆದು ತಂದು ಕೂರಿಸಲಾ?"

"ಬೇಕಾದ್ದನ್ನೇ ಹೇಳಿದ, ನಿಜ. ಆದರೆ..."

"ಬಂತಪ್ಪ ಆದರೆ."

"ಅವನು ಮುರಿದಿದ್ದರೆ ಕಾಲುವೆ ಇಟ್ಟಿಗೆ ಯಾರಿಗೂ ಕಾಣಬಾರದು ಅಂತ ತಾನೇ ಮುರೀಬೇಕು? ಅವನ್ನೇ ಎತ್ತಿ ರಾಶಿಯ ಮೇಲೆ ಹರವಿ ಯಾಕೆ ಹೋಗ್ತಾನೆ? ಒಂದು ಚೀಲ ಸಾಕಾಗಿತ್ತು ಹೊತ್ತೊಯ್ಯೋಕೆ."

ಇನ್‌ಸ್ಪೆಕ್ಟರ್ ಜೀಪಿನ ಬೀಗದಕೈ ಹಿಡಿದುಕೊಂಡೇ ನಿಂತ. "ಇನ್ನೊಂದು ದಿನ ಬಿಡ್ತೀನಿ," ಅಂದ.

* * *

ಸಂಜೆ ಮನೆಯಲ್ಲಿ ಅಮ್ಮ ಬಾಲ್ಕನಿಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಮಗಳು ಪಕ್ಕದಲ್ಲಿ ಕೂತು ನಡೆದದ್ದನ್ನು ಹೇಳಿದಳು. ಕುಲುಮೆ ಬಿದ್ದದ್ದು ಕೇಳಿ ಅಮ್ಮನ ಕೈ ನಿಂತಿತು.

"ಪಾಪ," ಅಂದಳು. ಮನುಷ್ಯರ ಬಗ್ಗೆ ಅಂದ ಹಾಗೇ ಇತ್ತು.

"ನಿಂಗೆ ಕಾಯಿಲಣ್ಣ ನೆನಪಿದಾನಾ?"

"ನೆನಪಿಲ್ಲದೆ? ನಮಗೆಲ್ಲ ರಜಾ ಕೊಡ್ತಿದ್ದವನೇ ಅವನು."

"ಅವನು ಎಲ್ಲಿಯ ರಜಾ ಕೊಡೋದು? ಅವನೇನು ಮ್ಯಾನೇಜರಾ?"

"ಮ್ಯಾನೇಜರ್ ಕೈಲಿ ಎಲ್ಲಿತ್ತೇ? ಕಾಯಿಲ್ ಸುಟ್ಟಿದೆ ಅಂತ ಅವನು ಬಂದು ಕೈ ಆಡಿಸಿದರೆ ಮುಗೀತು. ಫರ್ನೇಸ್ ಆರೋವರೆಗೆ ನಮಗೆ ಕೆಲಸ ಇಲ್ಲ. ಹೆಂಗಸರೆಲ್ಲ ಅಂಗಳದಲ್ಲಿ ಬಿಸಿಲಿಗೆ ಕಾಲು ಚಾಚಿ ಕೂತರೆ ಹರಟೆಗೆ ತಲೆಬುಡ ಇರ್ತಿರಲಿಲ್ಲ. ಹಾಗೇ ಹೊರಟು ನಿನ್ನ ಶಾಲೆಗೆ ಬರ್ತಿದ್ದೆ. ಮರೆತೆಯಾ?"

ಮರೆತಿರಲಿಲ್ಲ. ಮಧ್ಯಾಹ್ನವೇ ಶಾಲೆಯ ಗೇಟಿನಲ್ಲಿ ಅಮ್ಮ. ಸೆರಗಿನ ತುದಿಯಲ್ಲಿ ಬಿಸಿ ಕಡಲೆಕಾಯಿ. ಇಬ್ಬರೂ ಸುತ್ತುದಾರಿ ಹಿಡಿದು, ಸೇತುವೆಯ ಮೇಲೆ ನಿಂತು ರೈಲು ನೋಡಿ, ಹಗಲು ಬೆಳಕಿನಲ್ಲೇ ಮನೆ ಸೇರುತ್ತಿದ್ದರು. ಅಮ್ಮನನ್ನು ಹಗಲಲ್ಲಿ ಕಾಣುವುದೇ ಆಗ ಒಂದು ಸಂಭ್ರಮ. ಅಂಥ ದಿನಗಳು ಯಾಕೆ ಬರುತ್ತಿದ್ದವು ಎಂದು ಅವಳು ಯಾವತ್ತೂ ಕೇಳಿರಲಿಲ್ಲ.

ಒಮ್ಮೆಲೇ ಬೆನ್ನು ನೆಟ್ಟಗಾಯಿತು.

"ಅಮ್ಮ, ಕೊನೇವರೆಗೂ ಹೀಗೇ ಇತ್ತಾ? ಆಮೇಲಾಮೇಲೆ ಆರಿಸದೆಯೇ ಕಾಯಿಲ್ ಬದಲಾಯಿಸೋಕೆ ಏನೂ ಮಾಡಲಿಲ್ವಾ?"

"ಏನು ಮಾಡಿದ್ರು? ಕಾರ್ಖಾನೆ ಮುಚ್ಚಿದ್ದೂ ಹಾಗೇ. ಕಾಯಿಲ್ ಸುಟ್ಟಿತು ಅಂತ ರಜಾ ಕೊಟ್ರು." ಅಮ್ಮ ಮಡಿಸಿದ ಬಟ್ಟೆಯನ್ನು ಮತ್ತೆ ಬಿಡಿಸಿ ಮಡಿಸಿದಳು. "ಆ ರಜಾ ಮುಗೀಲೇ ಇಲ್ಲ ಕಣೇ."

* * *

ಮರುದಿನ ಬೆಳಗ್ಗೆ ಎಲ್ಲರೂ ಮತ್ತೆ ಶೆಡ್ಡಿನಲ್ಲಿ ಸೇರಿದರು. ಪರೀಕ್ಷಕಿ ಮೊದಲೇ ಬಂದು ರಾಶಿಯನ್ನು ತಳದವರೆಗೆ ಕೆದಕಿದ್ದಳು. ಸೀರೆಗೆಲ್ಲ ಧೂಳು. ಒಂದು ಹಲಗೆಯ ಮೇಲೆ ಎರಡು ಇಟ್ಟಿಗೆ ಇಟ್ಟಿದ್ದಳು.

"ಇದು ರಾಶಿಯ ತಳದಲ್ಲಿ ಸಿಕ್ಕಿದ್ದು," ಅಂದಳು. ಅದರಲ್ಲಿ ಕಾಲುವೆ ಇರಲಿಲ್ಲ. ಮುರಿದ ಕೊಕ್ಕೆಯೊಂದು ಕಚ್ಚಿಕೊಂಡಿತ್ತು. ಆಕೆ ಒದ್ದೆ ಬಟ್ಟೆಯಿಂದ ಉಜ್ಜಿದಳು. ಧೂಳಿನ ಕೆಳಗಿಂದ ತೆಳ್ಳಗೆ ಗಾಜಿನಂಥ ಪದರ ಮಿನುಗಿತು, ಬಿಳಿಯಲ್ಲಿ ನೀಲಿ ಬೆರೆತ ಹಾಗೆ. "ವರ್ಷಗಟ್ಟಲೆ ಇದರೊಳಗೆ ಎನಾಮಲ್ ಬೆಂದಿದೆ. ಅದರ ಆವಿ ಒಳಗೋಡೆಯ ಪ್ರತಿ ಇಟ್ಟಿಗೆಗೂ ಹತ್ತಿಕೊಂಡಿದೆ. ಕೊಕ್ಕೆಯ ಮೇಲೂ ಇದೆ ನೋಡಿ."

ಆಮೇಲೆ ಕಾಲುವೆ ಇಟ್ಟಿಗೆಯನ್ನು ಉಜ್ಜಿದಳು. ಬಟ್ಟೆ ಕಪ್ಪಾಯಿತು. ಇಟ್ಟಿಗೆ ಒರಟಾಗಿ, ಮಂಕಾಗಿ ಉಳಿಯಿತು.

"ಇದಕ್ಕೆ ಬರೀ ಮಸಿ. ಇದು ಎನಾಮಲ್ ಕುಲುಮೆಯ ಮುಖವನ್ನೇ ಕಂಡಿಲ್ಲ. ಹೊರಗಿನಿಂದ ತಂದು ಮೇಲಿಟ್ಟದ್ದು."

"ಯಾರು?" ಅಂದ ಇನ್‌ಸ್ಪೆಕ್ಟರ್.

"ಇಲ್ಲಿ ಕಾಲುವೆ ಇಟ್ಟಿಗೆ ಸಿಗಲೇಬೇಕಾಗಿದ್ದದ್ದು ಯಾರಿಗೆ? ಇಲ್ಲಿ ಕಾಲುವೆ ಇದ್ದಿದ್ದರೆ ಕಾಯಿಲ್ ಸುಟ್ಟಾಗ ಕುಲುಮೆ ಆರಿಸಬೇಕಿರಲಿಲ್ಲ. ಹೆಂಗಸರಿಗೆ ರಜಾ ಸಿಗ್ತಿರಲಿಲ್ಲ. ಕಾರ್ಖಾನೆ ಮುಚ್ಚೋ ದಿನದವರೆಗೂ ರಜಾ ಸಿಕ್ಕಿದೆ. ನಾವು ಬಂದು ನೋಡಿದ್ದರೆ ಕೊಕ್ಕೆ ಕಾಣ್ತಿತ್ತು, ತಕರಾರು ಸುಳ್ಳಾಗ್ತಿತ್ತು. ಕುಲುಮೆ ಬಿದ್ದರೆ ಅನುಮಾನ ಅರ್ಜಿದಾರನ ಮೇಲೆ. ಮೇಲೆ ನಾಲ್ಕು ಕಾಲುವೆ ಇಟ್ಟಿಗೆ ಇದ್ದರೆ ಸಾಕ್ಷಿಯೂ ಆಯ್ತು." ಆಕೆ ಮುದುಕನ ಕಡೆ ತಿರುಗಿದಳು. ದನಿ ತಗ್ಗಿತು. "ಕಾಯಿಲಣ್ಣ, ಇದನ್ನ ನೀವೇ ಬೀಳಿಸಿದ್ರಿ."

ಕಾಯಿಲಣ್ಣ ಕೊಕ್ಕೆಯಿದ್ದ ಇಟ್ಟಿಗೆಯನ್ನು ಎತ್ತಿ ಹೆಬ್ಬೆರಳಿನಿಂದ ಸವರಿದ. 

"ಹೆಂಗಸರ ರಜಾ ನಿಮಗೆ ಹೇಗೆ ಗೊತ್ತು?"

"ನೀಲಿ ಅಂಚು ಬಳಿಯೋರಲ್ಲಿ ನಮ್ಮಮ್ಮನೂ ಒಬ್ಬಳು."

ಅವನು ಆಕೆಯ ಮುಖವನ್ನು ಹುಡುಕುವಂತೆ ನೋಡಿದ. "ಬಾಗಿಲಲ್ಲಿ ಕೂತು ಲೆಕ್ಕ ಮಾಡ್ತಿದ್ದ ಕೂಸು," ಅಂದ. ಆಮೇಲೆ ಅಲ್ಲೇ ಇಟ್ಟಿಗೆಗಳ ಮೇಲೆ ಕೂತ.

"ಬೇರೆ ಕಡೆಯ ಹಳೇ ಇಟ್ಟಿಗೆ. ನಾನೇ ಕೊರೆದೆ, ಗ್ಯಾಸ್ ಉರಿ ಹಿಡಿದು ಕಪ್ಪು ಮಾಡಿದೆ. ಪಕ್ಕದ ಗೋಡೆ ಹಾರೆಯಿಂದ ಬಗೆದೆ. ಕಮಾನಿನ ನಡು ಇಟ್ಟಿಗೆ ಸಡಿಲ ಮಾಡಿದರೆ ಚಾವಣಿ ತಾನಾಗೇ ಬೀಳುತ್ತೆ. ಬೀಳೋವಾಗ ನೋಡೋಕಾಗದೆ ಆಚೆ ತಿರುಗಿ ನಿಂತೆ. ಅದನ್ನ ಕಟ್ಟಿದ್ದೂ ನಾನೇ." ಅವನು ತಯಾರಕನ ಕಡೆ ಬೆರಳು ಮಾಡಿದ. "ಆದರೆ ಆ ಕಾಲುವೆ ನನ್ನದು. ಅಂಥ ಒಂದು ರಜಾ ದಿನ, ಹೊರಗೆ ಅಂಗಳದಲ್ಲಿ, ಮಣ್ಣಲ್ಲಿ ಕಡ್ಡಿಯಿಂದ ಗೀಚಿ ಇವನಿಗೆ ತೋರಿಸಿದ್ದೆ. ಯಜಮಾನರು ಕಾಸು ಬಿಚ್ಚಲಿಲ್ಲ, ಕಟ್ಟಲಾಗಲಿಲ್ಲ. ಇಷ್ಟು ವರ್ಷದ ಮೇಲೆ ಇವನ ಹೆಸರಲ್ಲಿ ಅರ್ಜಿ ಬಂತು. ಮಣ್ಣಲ್ಲಿ ಗೀಚಿದ್ದಕ್ಕೆ ಯಾರು ಸಾಕ್ಷಿ ಹೇಳ್ತಾರೆ? ಅದಕ್ಕೆ ಕಟ್ಟಿದ್ದೆ ಅಂದೆ. ನೀವು ಬಂದು ನೋಡ್ತೀವಿ ಅಂತೀರಿ ಅಂತ ಯಾರಿಗೆ ಗೊತ್ತಿತ್ತು?"

"ಸಾಕ್ಷಿ ಇಲ್ಲೇ ನಿಂತಿದ್ದಾನೆ," ಅಂದಳು ಪರೀಕ್ಷಕಿ. "ಹೇಳ್ತೀರಾ, ಇಲ್ವಾ?"

ತಯಾರಕ ಒಂದು ಹೆಜ್ಜೆ ಮುಂದೆ ಬಂದ. "ನಿಜ ಮೇಡಂ. ಗೀಚಿ ತೋರಿಸಿದ್ದರು. ಆದರೆ ನಾನು ಹಾಗೆ ಕಟ್ಟಿ ನೋಡಿದರೆ, ಕೆಂಪಗೆ ಕಾದಾಗ ಕಾಯಿಲ್ ಜೋತು ಬಿದ್ದು ಕಾಲುವೆಯಲ್ಲೇ ಸಿಕ್ಕಿಕೊಳ್ತಿತ್ತು. ಅದನ್ನ ಸರಿಮಾಡೋಕೆ ನನಗೆ ವರ್ಷಗಳೇ ಹಿಡಿದವು. ಅಷ್ಟು ಬೆವರು ಹರಿದ ಮೇಲೆ ಎಲ್ಲಾ ನನ್ನದೇ ಅನ್ನಿಸಿಬಿಡ್ತು. ಅರ್ಜಿ ತುಂಬೋವಾಗ ಅವರ ಹೆಸರು ಬರೀಲಾ ಅಂತ ಪೆನ್ನು ಹಿಡಿದುಕೊಂಡೇ ಕೂತಿದ್ದೆ. ಬರೀಲಿಲ್ಲ."

"ಜೋತು ಬೀಳುತ್ತೆ ಅಂತ ನಂಗೂ ಗೊತ್ತಿತ್ತು," ಕಾಯಿಲಣ್ಣ ಗೊಣಗಿದ. ಸ್ವಲ್ಪ ತಡೆದು ಕೇಳಿದ, "ಹೇಗೆ ತಡೆದೆ?"

"ಕಾಲುವೆಯ ತುಟಿ ಸ್ವಲ್ಪ ಒಳಕ್ಕೆ ಬಾಗಿಸಿದೆ."

ಮುದುಕ ಗಾಳಿಯಲ್ಲೇ ಬೆರಳು ಬಾಗಿಸಿ ನೋಡಿಕೊಂಡ. ತಲೆ ಆಡಿಸಿದ.

"ತಕರಾರು ಸುಳ್ಳು ಅಂತ ನಾನು ಬರೀಲೇಬೇಕು," ಅಂದಳು ಪರೀಕ್ಷಕಿ. "ಆದರೆ ಸಂಶೋಧಕರ ಹೆಸರು ಸೇರಿಸೋಕೆ ತಿದ್ದುಪಡಿ ಕೇಳಬಹುದು. ಕೇಳೋದು ಅರ್ಜಿದಾರರ ಕೆಲಸ. ಪರಿಶೀಲಿಸೋದು ನನ್ನದು."

"ಇವತ್ತೇ ಕೇಳ್ತೀನಿ," ಅಂದ ತಯಾರಕ.

ಇನ್‌ಸ್ಪೆಕ್ಟರ್ ಕೆಮ್ಮಿದ. ಬೀಗ ಒಡೆದದ್ದು, ಕುಲುಮೆ ಕೆಡವಿದ್ದು ಅವನ ಪಾಲಿನ ಲೆಕ್ಕ. ಅದಕ್ಕೆ ತಿದ್ದುಪಡಿ ಇರಲಿಲ್ಲ. "ಏಳಿ ಯಜಮಾನ್ರೇ," ಅಂದ ಮೆಲ್ಲಗೆ.

ಕಾಯಿಲಣ್ಣ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ಜೀಪು ಹತ್ತಿದ. ಮಂಡಿ ಬಾಗಲು ಒಪ್ಪದೆ ಸ್ವಲ್ಪ ಹೆಣಗಿದ. ತಯಾರಕ ಓಡಿಬಂದು ಹಿಂದಿನ ಬಾಗಿಲಿಗೆ ಕೈ ಹಾಕಿದ.

"ನಾನೂ ಬರ್ತೀನಿ. ಜಾಮೀನಿಗೆ ಯಾರಾದರೂ ಬೇಕಲ್ಲ."

"ನಿನ್ನ ಜಾಮೀನು ಯಾರಿಗೆ ಬೇಕೋ?" ಅಂದ ಮುದುಕ, ಮುಖ ಆಚೆ ತಿರುಗಿಸಿ.

ಅಂದವನು ಸೀಟಿನಲ್ಲಿ ಅತ್ತ ಸರಿದು, ಅವನಿಗೆ ಜಾಗ ಬಿಟ್ಟ.