ಉಲ್ಟಾ ತಗಡು

"ಸ್ಟೀರಿಂಗ್ ಕಿತ್ತು ಆ ಕಡೆ ಹಾಕ್ಬಿಡೋಣ ಅಣ್ಣ. ಆಗ ಸರಿಯಾಗಿ ಕೂರುತ್ತೆ," ಎಂದರು ಹಮ್ದಾನ್ ಚಿಕ್ಕಪ್ಪ.

ಬಾಬಾ ನಗಲಿಲ್ಲ. ಪಿಕಪ್ಪಿನ ಡ್ರೈವರ್ ಸೀಟು ಅಂಗಳದಲ್ಲಿ ಬಿದ್ದಿತ್ತು. ಅದರ ಮುಂದಿನ ನೆಲವನ್ನು ಉಪ್ಪುನೀರು ತಿಂದು ಹಾಕಿತ್ತು. ತೂತಿನಲ್ಲಿ ಅಂಗಳದ ಮರಳು ಕಾಣುತ್ತಿತ್ತು. ಬಾಬಾ ಹೊಸ ತಗಡನ್ನು ಮತ್ತೊಮ್ಮೆ ಇಟ್ಟು ನೋಡಿದರು. ಎಡಕ್ಕೆ ಬರಬೇಕಾದ ಮೂಲೆ ಬಲಕ್ಕೆ ಬಂದಿತ್ತು.

ರಟ್ಟಿನ ಅಳತೆ ಇಟ್ಟು ತಗಡಿನ ಮೇಲೆ ಗೆರೆ ಎಳೆದವಳು ಅವರ ಮಗಳು ಝುವೈನಾ. ನಾನೇ ಎಳೀತೀನಿ ಎಂದು ಹಟ ಹಿಡಿದಿದ್ದಳು. ರಟ್ಟಿನ ಮೇಲೆ ಬಾಬಾ ಪೆನ್ಸಿಲ್‌ನಲ್ಲಿ ಏನೋ ಬರೆದಿದ್ದರು. ಆ ಮುಖವನ್ನು ಅವಳು ಕೆಳಗೆ ಮಾಡಿದ್ದಳು. ಅಮ್ಮ ಟೋಪಿಗೆ ಕಸೂತಿ ಹಾಕುವಾಗ ಹಾಗೇ ಅಲ್ಲವೇ? ಬಟ್ಟೆ ಮೇಲೆ ಬರೆದದ್ದು ಯಾವಾಗಲೂ ಒಳಗೆ ಹೋಗಬೇಕು.

ಬಾಬಾ ಗೆರೆ ನಂಬಿ ಕತ್ತರಿಸಿದ್ದರು. ಅಂಚನ್ನು ಮೇಲಕ್ಕೆ ಮಡಿಚಿ ಬಡಿದದ್ದೂ ಆಗಿತ್ತು. ಇನ್ನು ತಿರುಗಿಸುವ ಹಾಗಿಲ್ಲ. ಇದ್ದದ್ದು ಒಂದೇ ತಗಡು. ನಾಳೆ ಬೆಳಿಗ್ಗೆ ಮೀನಿನ ಬಲೆಯನ್ನು ದಡಕ್ಕೆ ಎಳೆಯಲು ಗಾಡಿ ಕಡಲಿಗೆ ಇಳಿಯಲೇಬೇಕು. ಇಡೀ ಓಣಿಯವರು ಕಾಯುತ್ತಿರುತ್ತಾರೆ.

"ನಾನೇ ಉಲ್ಟಾ ಇಟ್ಟೆ ಬಾಬಾ," ಎಂದಳು ಝುವೈನಾ. "ಟೋಪಿ ಥರ."

"ಅಯ್ಯೋ, ಗಾಡಿಗೆ ಟೋಪಿ ಹೊಲಿದಿದಾಳೆ ನೋಡು," ಎಂದು ಚಿಕ್ಕಪ್ಪ ನಕ್ಕರು.

ಬಾಬಾ ತಗಡನ್ನು ಎತ್ತಿಕೊಂಡು ಗಾಡಿ ಸುತ್ತಿ ಆ ಕಡೆಯ ಬಾಗಿಲಿಗೆ ಹೋದರು. ಅದು ಝುವೈನಾಳ ಸೀಟು. ಕಾಲಡಿಯ ಮ್ಯಾಟ್ ಎಳೆದರು. ಕೆಳಗೆ ಹಳೆಯ ದೋಣಿಯ ಹಲಗೆ. ಹಲಗೆ ಎತ್ತಿದರೆ ಅಲ್ಲೂ ತೂತು. ಬಾಬಾನ ಕಡೆಯದಕ್ಕಿಂತ ದೊಡ್ಡದು.

ಝುವೈನಾ ಬಗ್ಗಿ ನೋಡಿದಳು. ದಿನಾ ಸ್ಕೂಲಿಗೆ ಹೋಗುವಾಗ ಬಾಬಾ ಒಂದೇ ಮಾತು ಹೇಳುತ್ತಿದ್ದರು: "ರಾಣಿಯವರು ಕಾಲು ಮೇಲಿಟ್ಟು ಕೂರ್ಬೇಕು." ಅವಳು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಗೇಟಿನ ಹತ್ತಿರ ಗೆಳತಿಯರಿಗೆ ಕೈ ಬೀಸುತ್ತಿದ್ದಳು. ಫಾಸ್ಟ್, ಇನ್ನೂ ಫಾಸ್ಟ್ ಎನ್ನುತ್ತಿದ್ದಳು.

ತಗಡು ಆ ಕಡೆ ಅಳತೆ ಮಾಡಿಸಿದ ಹಾಗೆ ಕೂತಿತು.

"ನೋಡಿದ್ಯಾ, ಟೋಪಿ ಸರಿಯಾಗೇ ಇದೆ. ತಲೆ ಬೇರೆ ಅಷ್ಟೇ," ಎಂದರು ಬಾಬಾ.

ಚಿಕ್ಕಪ್ಪ ವೆಲ್ಡಿಂಗ್ ಮುಗಿಸುವಷ್ಟರಲ್ಲಿ ಬಾಬಾ ಆ ಹಲಗೆಯನ್ನು ತಮ್ಮ ಕಡೆಗೆ ತಂದು ನಾಲ್ಕು ಬೋಲ್ಟ್ ಬಿಗಿದರು. ಇನ್ನೊಂದು ತಗಡು ಸಿಗುವವರೆಗೆ ಇದೇ ಸಾಕು ಎಂದರು.

"ನಿಂಗ್ಯಾಕೆ ಹಲಗೆ?" ಎಂದಳು ಝುವೈನಾ.

"ಬ್ರೇಕ್ ಯಾರು ಒತ್ತೋದು? ನಾನೇನು ರಾಣಿನಾ?"

ಸೀಟು ಕೂರಿಸಿ, ಕಡಲಿನ ತನಕ ಹೋಗಿ ನೋಡಿ ಬರೋಣ ಎಂದರು. ಝುವೈನಾ ಹತ್ತಿ, ಚಪ್ಪಲಿ ಕಳಚಿ, ಮೊದಲ ಸಲ ಎರಡೂ ಕಾಲು ಕೆಳಗಿಟ್ಟಳು. ತಗಡು ಇನ್ನೂ ಬೆಚ್ಚಗಿತ್ತು. ಅಲುಗಲಿಲ್ಲ.

ಗಾಡಿ ಹೊರಟಿತು. ಬಾಬಾನ ಕಾಲಡಿ ಹಲಗೆ ಕಿರ್ ಎಂದಿತು.

"ನಿಧಾನ ಹೋಗೋಣ ಬಾಬಾ," ಎಂದಳು ಝುವೈನಾ.