ಕಿವಿ ಹಿಡಿದರೆ ಎಂಟರ್

ಅವನು ಕೆಲಸಕ್ಕೆ ಸೇರಿದ ದಿನವೇ ಅವಳ ಟೆಸ್ಟ್‌ಗಳೆಲ್ಲ ದಬದಬನೆ ಬಿದ್ದವು, ಚೀಲ ಹರಿದು ಆಲೂಗಡ್ಡೆ ಮೆಟ್ಟಿಲ ಮೇಲೆ ಉರುಳಿದ ಹಾಗೆ.

ಆ ಆಫೀಸಿನಲ್ಲಿ ಒಂದು ಕಂಪೈಲರ್ ಇತ್ತು. ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸಿ ಹೇಳುವ ದುಭಾಷಿ. ಆ ದುಭಾಷಿ ಎಲ್ಲಾದರೂ ತೊದಲುತ್ತಾನೋ ಎಂದು ಪುಟ್ಟ ಪುಟ್ಟ ಪ್ರೋಗ್ರಾಮು ಕೊಟ್ಟು ಪರೀಕ್ಷೆ ಮಾಡುವವಳು ಅವಳು. ಆಫೀಸಿಗೆಲ್ಲ ಟೆಸ್ಟಮ್ಮ. ಅವಳ ಟೆಸ್ಟ್‌ಗಳು ಇರುವೆ ಸಾಲಿನಂತೆ ಒಂದರ ಹಿಂದೊಂದು ಓಡುತ್ತಿದ್ದವು. ಎಷ್ಟು ನಿಧಾನವೆಂದರೆ, ಕೊನೆಯದು ಮುಗಿಯುವಷ್ಟರಲ್ಲಿ ಕಿಟಕಿಯ ಬಳ್ಳಿ ಗೇಣುದ್ದ ಬೆಳೆದು ಒಳಗೆ ಇಣುಕಿ, ಮುಗಿಯಿತಾ ಎಂದು ಕೇಳುತ್ತಿತ್ತು. ನಂಬದವರು ಹೋಗಿ ಬಳ್ಳಿಯನ್ನೇ ವಿಚಾರಿಸಬಹುದು.

ಎಲ್ಲವನ್ನೂ ಒಟ್ಟಿಗೆ ಓಡಿಸಬೇಕು, ಇನ್ನಷ್ಟು ಟೆಸ್ಟ್ ಸೇರಿಸಬೇಕು ಎಂದು ಹೊಸಬನನ್ನು ತಂದು ಅವಳ ಪಕ್ಕದ ಮೇಜಿಗೆ ಕೂರಿಸಿದ್ದರು. ಅವನು ಬಂದವನೇ ಎಲ್ಲವನ್ನೂ ಒಟ್ಟಿಗೆ ಓಡಿಸಿದ್ದ, ಎಲ್ಲವೂ ಫೇಲಾಗಿದ್ದವು.

"ನನ್ನ ಮಕ್ಕಳು ಒಬ್ಬೊಬ್ಬರಾಗಿ ಹೋದ್ರೆ ಯಾರೂ ಫೇಲಾಗಲ್ಲ," ಎಂದಳು ಅವಳು, ಮುಖ ಗಂಟಿಕ್ಕಿ.

"ಒಬ್ಬರೇ ಇದ್ದಾಗ ಎಲ್ಲಾ ಮಕ್ಕಳೂ ಚಿನ್ನಾನೇ ರೀ. ಒಟ್ಟಿಗೆ ಬಿಟ್ಟಾಗಲೇ ಗೊತ್ತಾಗೋದು," ಎಂದು ಅವನು ಪರದೆ ತೋರಿಸಿದ. "ನೋಡಿ, ಎಲ್ಲರೂ ಒಂದೇ ಫೈಲಲ್ಲಿ ಉತ್ತರ ಬರೀತಿದಾರೆ. ಒಬ್ಬ ಬರೆದದ್ದನ್ನ ಇನ್ನೊಬ್ಬ ಅಳಿಸ್ತಿದಾನೆ."

ಅವನು ಹೇಳಿದ್ದು ಸರಿ. ಅವಳಿಗೆ ಉರಿ ಹತ್ತಿದ್ದು ಅದಕ್ಕೇ.

"ಇನ್ನೊಂದು ಮಾತು. ನೀವು ಕೊಟ್ಟಿರೋದೆಲ್ಲ ಸರಿಯಾದ ಪ್ರೋಗ್ರಾಂ. ತಪ್ಪು ಕೊಟ್ರೆ ಕಂಪೈಲರ್ ನೆಟ್ಟಗೆ 'ಆಗಲ್ಲ' ಅನ್ನುತ್ತಾ? ಯಾರೂ ಕೇಳೇ ಇಲ್ಲ."

"ಆಗಲ್ಲ ಅನ್ನಿಸ್ಕೊಳ್ಳೋಕೆ ಯಾರು ಕೇಳ್ತಾರೆ?"

"ಕೇಳಬೇಕು. ಕೇಳೋಕೆ ಹೆದರಿದ ಕಡೇನೇ ಹುಳುಕು ಇರೋದು," ಎಂದು ಅವನು ನಕ್ಕ. ಅವಳು ನಗಲಿಲ್ಲ, ತುಟಿಯ ಒಂದು ಮೂಲೆ ಮಾತ್ರ ಅವಳನ್ನು ಕೇಳದೆ ನಕ್ಕುಬಿಟ್ಟಿತು.

ಅಷ್ಟರಲ್ಲಿ ಮ್ಯಾನೇಜರ್ ಬಂದರು, ಕನ್ನಡಕ ಹಣೆಯ ಮೇಲೆ. "ಶುಕ್ರವಾರ ಮಧ್ಯಾಹ್ನದೊಳಗೆ ಒಟ್ಟಿಗೆ ಓಡಿ ಪಾಸಾಗ್ಬೇಕು. ಇಲ್ದಿದ್ರೆ ಇದನ್ನೆಲ್ಲ ಗುಡಿಸಿಹಾಕಿ ರೆಡಿಮೇಡ್ ತರೋಣ. ಟೆಸ್ಟಮ್ಮ, ನಿಮಗೆ ಮೇಲಿನ ಮಹಡೀಲಿ ಫೋನ್ ತಗೊಳ್ಳೋ ಕೆಲಸ ಇದೆ."

ಒಂದೊಂದು ಟೆಸ್ಟ್ ಹುಟ್ಟಿದ ಗಳಿಗೆಯೂ ಅವಳಿಗೆ ನೆನಪಿತ್ತು. ಅವನ್ನು ಗುಡಿಸುವುದೇ?

ಆ ವಾರ ಇಬ್ಬರೂ ತಲೆ ಎತ್ತದೆ ದುಡಿದರು. ಅವನು ಒಂದೊಂದು ಟೆಸ್ಟಿಗೂ ಬೇರೆ ಬೇರೆ ಫೋಲ್ಡರ್ ಕಟ್ಟಿಕೊಟ್ಟ. ಅವಳು 'ಆಗಲ್ಲ' ಟೆಸ್ಟ್‌ಗಳನ್ನು ಬರೆದಳು: ಮುಚ್ಚದ ಆವರಣ, ಅರ್ಧಕ್ಕೇ ನಿಂತ ಸಾಲು, ಹೆಸರೇ ಇಲ್ಲದ ಲೆಕ್ಕ.

ತಲೆ ಎತ್ತದೆ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಎಂಟರ್ ಒತ್ತುವ ಮೊದಲು ಅವನು ಎಡಗಿವಿಯ ತುದಿ ಹಿಡಿದುಕೊಳ್ಳುತ್ತಿದ್ದ, ತಪ್ಪು ಮಾಡುವ ಮೊದಲೇ ಕ್ಷಮೆ ಕೇಳುವ ಹುಡುಗನಂತೆ. ಕಿಟಕಿಯ ಬಿಸಿಲು ಆ ಕಿವಿಯ ಅಂಚನ್ನು ದಾಟಿ ಬರುವಾಗ ಕೆಂಪಾಗುತ್ತಿತ್ತು. ಆ ಕೆಂಪು ನೋಡುತ್ತ ಕೂತರೆ ಕಾಲವೇ ಚಪ್ಪಲಿ ಬಿಟ್ಟು ಮೆಲ್ಲಗೆ ನಡೆಯುತ್ತಿತ್ತು.

ಆದರೂ ಟೆಸ್ಟ್‌ಗಳು ಬೀಳುತ್ತಲೇ ಇದ್ದವು. ಈಗ ಇದು, ಆಮೇಲೆ ಅದು.

ಗುರುವಾರ ಅವನು ಅವಳ ಮೇಜಿನ ಬಳಿ ಬಂದು ನಿಂತ. "ಬೇಜಾರು ಮಾಡ್ಕೋಬೇಡಿ. ನೀವು ಟೀಗೆ ಹೋದಾಗ ಪಾಸಾಗ್ತವೆ. ನೀವು ಸೀಟಲ್ಲಿದ್ರೆ ಬೀಳ್ತವೆ."

"ಅಂದ್ರೆ ನನ್ನ ಕಾಲ್ಗುಣ."

"ಅಯ್ಯೋ, ಹಾಗಲ್ಲ ರೀ..."

"ಸರಿ ಬಿಡಿ. ನಾನೇ ಎದ್ದು ಹೋಗ್ತೀನಿ. ನಿಮ್ಮ ಟೆಸ್ಟ್ ಸುಖವಾಗಿರಲಿ." ಬ್ಯಾಗು ಹೆಗಲಿಗೇರಿಸಿ ನಡೆದೇಬಿಟ್ಟಳು. 'ನಿಮ್ಮ' ಟೆಸ್ಟ್ ಅಂದೆನಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಅವಳಿದ್ದದ್ದು ಚಿಕ್ಕಮ್ಮನ ಮನೆಯಲ್ಲಿ. ಶುಕ್ರವಾರ ಬೆಳಿಗ್ಗೆ ಅಲ್ಲಿ ಇಸ್ತ್ರಿಪೆಟ್ಟಿಗೆಯ ಯುದ್ಧ ನಡೆದಿತ್ತು.

"ಇದು ಕೆಟ್ಟುಹೋಗಿದೆ ಕಣೇ," ಎಂದರು ಚಿಕ್ಕಪ್ಪ. "ದಿನಾ ಕಾಯೋಕೆ ಇಡ್ತೀನಿ, ಮುಖ ತೊಳ್ಕೊಂಡು ಬರೋಷ್ಟರಲ್ಲಿ ತಣ್ಣಗೆ ಮಲಗಿರುತ್ತೆ."

"ಕೆಟ್ಟಿಲ್ಲ. ನೀವು ಮರೆತು ಹೋಗಿದೀರಿ ಅಂತ ದಿನಾ ನಾನೇ ಆರಿಸ್ತಿದ್ದೆ."

"ನಿನ್ನ ಬಟ್ಟೆಗೇ ಕಣೇ ನಾನು ಕಾಯಿಸ್ತಿದ್ದದ್ದು."

"ಹೇಳಿ ಸಾಯ್ಬಾರ್ದಾ?" ಎಂದ ಚಿಕ್ಕಮ್ಮನ ದನಿ ಎಷ್ಟು ಮೆತ್ತಗಿತ್ತೆಂದರೆ, ಅದರಿಂದಲೇ ಬಟ್ಟೆ ಇಸ್ತ್ರಿಯಾಗುವ ಹಾಗಿತ್ತು.

ಕೇಳುತ್ತ ಕೂತಿದ್ದ ಟೆಸ್ಟಮ್ಮನ ಬಾಯಲ್ಲಿ ಬ್ರೆಡ್ ಅಲ್ಲೇ ನಿಂತಿತು.

ಅವನು ಕಿವಿ ಹಿಡಿದಾಗೆಲ್ಲ ಅವಳೂ ತನ್ನ ಮೇಜಿನಿಂದ ಅದೇ ಟೆಸ್ಟ್‌ಗಳನ್ನು ಗುಟ್ಟಾಗಿ ಓಡಿಸುತ್ತಿದ್ದಳು. ಎಲ್ಲಿ ಬೀಳುತ್ತದೆಂದು ತನಗೆ ಮೊದಲು ತಿಳಿದರೆ, ಅವನ ಮುಖ ಬಾಡುವುದರೊಳಗೆ ಒಂದು ದಾರಿ ಹೇಳಬಹುದಲ್ಲ ಎಂದು. ಇಬ್ಬರೂ ಓಡಿಸುತ್ತಿದ್ದದ್ದು ಒಂದೇ ದೊಡ್ಡ ಮೆಷಿನ್ನಿನ ಮೇಲೆ. ಫೋಲ್ಡರುಗಳ ಹೆಸರೂ ಒಂದೇ. ಓಟ ಶುರುವಾಗುವ ಮೊದಲು ಹಳೆಯದನ್ನೆಲ್ಲ ಗುಡಿಸುವುದು ಪದ್ಧತಿ. ಇವಳ ಪೊರಕೆ ಅವನ ಅರ್ಧ ಬರೆದ ಉತ್ತರಗಳನ್ನು ಗುಡಿಸುತ್ತಿತ್ತು! ಅವನು ಟೆಸ್ಟಿನಿಂದ ಟೆಸ್ಟನ್ನು ಬೇರೆ ಮಾಡಿದ್ದ. ಅವನ ಓಟದಿಂದ ಇವಳ ಓಟವನ್ನು ಬೇರೆ ಮಾಡಿರಲಿಲ್ಲ.

ಸರಿಮಾಡುವುದು ಚಿಟಿಕೆ ಕೆಲಸ. ಆದರೆ ತಾನು ಸುಮ್ಮನೆ ಒತ್ತುವುದನ್ನು ನಿಲ್ಲಿಸಿದರೆ ಸಾಲದು, ನಾಳೆ ಯಾರಿಬ್ಬರು ಒಟ್ಟಿಗೆ ಒತ್ತಿದರೂ ಮತ್ತೆ ಬೀಳುತ್ತವೆ; ಫೋಲ್ಡರ್ ಕಟ್ಟಿದ ಅವನಿಗೆ ಹೇಳಲೇಬೇಕು. ಹೇಳುವುದು ಹೇಗೆ? ಪ್ರತಿಸಲವೂ ಸರಿಯಾಗಿ ಅದೇ ಗಳಿಗೆಗೆ ಹೇಗೆ ಒತ್ತಿದಿರಿ ಎಂದು ಅವನು ಕೇಳೇ ಕೇಳುತ್ತಾನೆ. ಹೇಳಿದರೆ ಮಾನ ಹೋಗುತ್ತದೆ. ಹೇಳದಿದ್ದರೆ ಟೆಸ್ಟ್‌ಗಳು ಹೋಗುತ್ತವೆ, ಕಿಟಕಿ ಹೋಗುತ್ತದೆ, ಪಕ್ಕದ ಮೇಜೂ ಹೋಗುತ್ತದೆ.

ಅಂದು ಆಫೀಸಿನ ಮೆಟ್ಟಿಲುಗಳು ಮೋಡದವರೆಗೆ ಬೆಳೆದಿದ್ದವು. ಹೇಗೋ ಹತ್ತಿದಳು.

"ಬೀಳಿಸ್ತಿದ್ದದ್ದು ನಾನೇ," ಎಂದಳು, ಕೂರದೆಯೇ. ಎಲ್ಲ ಹೇಳಿದಳು, ಕಿವಿಯೊಂದನ್ನು ಬಿಟ್ಟು.

ಅವನು ಹುಬ್ಬು ಗಂಟಿಕ್ಕಿದ. "ಅದ್ಸರಿ. ಆದ್ರೆ ಪ್ರತಿಸಲ ಅದೇ ಗಳಿಗೆಗೆ ಹೇಗೆ?"

"ಒತ್ತೋ ಮೊದಲು ನೀವು ಕಿವಿ ಹಿಡ್ಕೋತೀರಿ." ಅವಳು ಕಿಟಕಿಯ ಬಳ್ಳಿಗೆ ಹೇಳಿದಳು. "ಎಡಗಿವಿ."

ಅವನ ಕೈ ತಾನಾಗಿ ಕಿವಿಗೆ ಹೋಯಿತು. ಈ ಸಲ ಬಿಸಿಲಿಲ್ಲದೆಯೇ ಅದು ಕೆಂಪಾಯಿತು.

ಅವನು ಮೆಲ್ಲಗೆ ಹೇಳಿದ: "ನೀವು ಸೀಟಲ್ಲಿ ಇಲ್ದಿದ್ದಾಗ ಪಾಸಾಗುತ್ತೆ ಅಂತ ನನಗೆ ಹೇಗೆ ಗೊತ್ತಾಯ್ತು ಅಂತ ನೀವು ಕೇಳಲೇ ಇಲ್ಲ. ಅದು ಮೆಷಿನ್ ಹೇಳಲ್ಲ. ಸೀಟ್ ಕಡೆ ನೋಡ್ತಾ ಇರೋನಿಗೆ ಮಾತ್ರ ಗೊತ್ತಾಗೋದು."

ಅವಳು ಬಳ್ಳಿಯಿಂದ ಕಣ್ಣು ತೆಗೆಯಲಿಲ್ಲ. ಬಳ್ಳಿ ಒಂದು ಹೂ ಬಿಟ್ಟಿತು, ನೋಡನೋಡುತ್ತಿದ್ದಂತೆ.

ಇಬ್ಬರೂ ಸೇರಿ ಒಂದೊಂದು ಓಟಕ್ಕೂ ಯಾರೂ ಮುಟ್ಟಲಾಗದ ಹೊಸ ಹೆಸರಿನ ಫೋಲ್ಡರ್ ಕೊಟ್ಟರು. ಮ್ಯಾನೇಜರ್ ಬಂದು ಬೆನ್ನ ಹಿಂದೆ ನಿಂತರು. ಅವನು ತನ್ನ ಮೇಜಿನಲ್ಲಿ, ಅವಳು ತನ್ನ ಮೇಜಿನಲ್ಲಿ. ಅವನು ಕಿವಿ ಹಿಡಿದ. ಎರಡು ಎಂಟರ್ ಒಂದೇ ಸದ್ದಿನಲ್ಲಿ ಬಿದ್ದವು.

ಎರಡು ಪರದೆಗಳೂ ಹಸಿರಾದವು, ಮೇಲಿನಿಂದ ಕೆಳಗಿನವರೆಗೆ. 'ಆಗಲ್ಲ' ಎನ್ನಬೇಕಾದ ಕಡೆ ಕಂಪೈಲರ್ ಚೊಕ್ಕವಾಗಿ ಆಗಲ್ಲ ಎಂದಿತು.

"ಇರಲಿ ಬಿಡಿ, ಇದೇ ಇರಲಿ," ಎಂದು ಮ್ಯಾನೇಜರ್ ಹಣೆಯ ಕನ್ನಡಕವನ್ನು ಹುಡುಕುತ್ತ ಹೋದರು.

"ಒಂದು ಟೆಸ್ಟ್ ಬಾಕಿ ಇದೆ," ಎಂದ ಅವನು. "ಕೇಳೋಕೆ ಹೆದರಿಕೆ. ಆಗಲ್ಲ ಅಂದ್ಬಿಟ್ರೆ?"

"ಹೆದರಿದ ಕಡೇನೇ ಹುಳುಕು ಇರೋದು ಅಂತ ಯಾರೋ ಹೇಳ್ತಿದ್ರು."

ಅವನು ಅವಳ ಕಡೆ ತಿರುಗಿ ಎಡಗಿವಿ ಹಿಡಿದುಕೊಂಡ. ಮುಂದೆ ಕೀಬೋರ್ಡ್ ಇರಲಿಲ್ಲ.

"ಹೂಂ," ಎಂದಳು ಅವಳು.

"ನಾನಿನ್ನೂ ಏನೂ ಕೇಳಿಲ್ಲ ಕಣೇ."

"ಕಿವಿ ಹಿಡ್ಕೊಂಡ್ಯಲ್ಲ," ಎಂದಳು. "ನಾನು ಆಗಲೇ ಒತ್ತಿಬಿಟ್ಟೆ."